ವರಸೆ ಕೇಳಿದ ಹತ್ತು ನಿಮಿಷ

ಗಂಗಾಲಕ್ಷ್ಮಿಯ ಬಗ್ಗೆ ಬರೆಯಬೇಕೆಂದರೆ ನಾನು ಆ ಶನಿವಾರದ ಬಗ್ಗೆ ಬರೆಯದೆ ವಿಧಿಯಿಲ್ಲ. ಏಳೆಂಟು ವರ್ಷದಿಂದ ಒಂದೇ ಬಸ್ಸಿನಲ್ಲಿ ಕೋಲಾರದಿಂದ ಮುಳಬಾಗಿಲಿಗೆ ಹೋಗಿ ಬರುವವರು ನಾವು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು, ಅವಳು ಕಂಪ್ಯೂಟರ್. ನನ್ನದು ಕಾಯಂ ಕೆಲಸ, ಅವಳದು ಅತಿಥಿ ಉಪನ್ಯಾಸಕಿಯದು. ಅತಿಥಿ ಎಂಬ ಹೆಸರನ್ನು ಈ ಕೆಲಸಕ್ಕೆ ಯಾರು ಇಟ್ಟರೋ ಕಾಣೆ. ಪ್ರತಿ ಜೂನ್‌ನಲ್ಲಿ ಬಾಗಿಲಾಚೆ ನಿಂತು, ಒಳಗೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಅತಿಥಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಅವಳು ಕುರುಡುಮಲೆಯ ಗಂಗುಲಪ್ಪನವರ ಮಗಳು. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವ ಮನೆ. ಕಾಲು ತೊಳೆಯದೆ ಹುಳುವಿನ ಮನೆಯೊಳಗೆ ಬಂದವರು ಬೀಗರಾದರೂ ಸರಿ, ಅಲ್ಲೇ ನಿಲ್ಲಿಸಿ ಬೈಯುವ ಜನ. ಆ ಕಟ್ಟುನಿಟ್ಟು ಮಗಳಿಗೂ ಅಂಟಿಕೊಂಡಿದೆ. ಯಾರಾದರೂ ಅರ್ಧಂಬರ್ಧ ಸರಿಯಾದ ಉತ್ತರ ಹೇಳಿದರೆ ತಪ್ಪು ಉತ್ತರಕ್ಕಿಂತ ಹೆಚ್ಚು ಸಿಟ್ಟು ಬರುತ್ತದೆ ಅವಳಿಗೆ. ಇಂಥವಳು ಹ್ಯಾಸ್ಕೆಲ್ ಎಂಬ ಕಂಪ್ಯೂಟರ್ ಭಾಷೆಯ ಹಿಂದೆ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಅದು ಫಂಕ್ಷನಲ್ ಭಾಷೆಯಂತೆ. ಬಸ್ಸಿನಲ್ಲಿ ಒಮ್ಮೆ ನನಗೆ ಹೀಗೆ ವಿವರಿಸಿದ್ದಳು:

"ಬೇರೆ ಭಾಷೆಗಳಲ್ಲಿ ಕಂಪ್ಯೂಟರ್‌ಗೆ ಆಳಿಗೆ ಹೇಳ್ದಂಗೆ ಹೇಳ್ತೀವಿ ಮೇಡಂ. ಇದನ್ನ ತಗೋ, ಅಲ್ಲಿಡು, ಅದನ್ನ ಬದಲಾಯ್ಸು ಅಂತ. ಇದರಲ್ಲಿ ಹಂಗಿಲ್ಲ. ಯಾವುದು ಅಂದ್ರೆ ಏನು ಅಂತ ಹೇಳ್ತೀವಿ ಅಷ್ಟೇ. ಒಂದ್ಸಲ ಹೇಳಿದ್ದು ಹೇಳಿದ್ದೇ, ಮಧ್ಯದಲ್ಲಿ ಮಾತು ಬದಲಾಯ್ಸಂಗಿಲ್ಲ."

"ನಮ್ಮ ಪ್ರಿನ್ಸಿಪಾಲರಿಗೆ ಮೊದಲು ಕಲಿಸು ಇದನ್ನ" ಅಂದಿದ್ದೆ ನಾನು.

ಎರಡು ವರ್ಷ ಓಡಾಡಿ ಆ ಭಾಷೆಯನ್ನು ಕೊನೆಯ ವರ್ಷದ ಹುಡುಗರಿಗೆ ಐಚ್ಛಿಕ ಪೇಪರ್ ಮಾಡಿಸಿದ್ದಳು. ಅಷ್ಟರಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿ ಕೋದಂಡರಾಮಪ್ಪನವರು ಮೀಟಿಂಗ್ ಕರೆದು, ಬರುವ ವರ್ಷದಿಂದ ಎರಡು ಐಚ್ಛಿಕ ಪೇಪರ್ ನಡೆಸಲು ಆಗುವುದಿಲ್ಲ, ಒಂದೇ ಇರಲಿ ಅಂದರು. ಇನ್ನೊಂದು ಪೇಪರ್ ಮಾಲೂರಿನಿಂದ ಬರುವ ಅನಿಲ್‌ಕುಮಾರ್‌ನದು, ಮೊಬೈಲ್ ಆ್ಯಪ್ ಮಾಡುವುದನ್ನು ಕಲಿಸುವಂಥದ್ದು. ಅವನದು ಕಾಯಂ ಕೆಲಸ. ಪೇಪರ್ ಹೋದರೆ ಅವನಿಗೆ ಬೇರೆ ಪಾಠ ಸಿಗುತ್ತದೆ. ಗಂಗಾಲಕ್ಷ್ಮಿಗೆ ಉಳಿದಿದ್ದದ್ದು ಇದೊಂದೇ ಪೇಪರ್. ಅದು ಹೋದರೆ ಜೂನ್‌ನಲ್ಲಿ ಅವಳೂ ಮನೆಗೆ.

"ಶನಿವಾರ ಇಬ್ರೂ ಹತ್ತತ್ತು ನಿಮಿಷ, ನಮ್ಮೆಲ್ಲರ ಮುಂದೆ ಕೂತು ಮಾಡಿ ತೋರ್ಸಿ" ಅಂದರು ಕಾರ್ಯದರ್ಶಿ. "ನಂಗೆ ಅರ್ಥ ಆಗ್ಬೇಕು. ನಂಗೆ ಅರ್ಥ ಆಗಿದ್ದು ಹುಡುಗ್ರಿಗೂ ಆಗ್ತದೆ."

ಅಲ್ಲಿಂದ ಶುರುವಾಯಿತು ನೋಡಿ, ಏನನ್ನು ತೋರಿಸಬೇಕು ಎಂಬ ತಲೆನೋವು. ಸ್ಟಾಫ್ ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದು ನನ್ನನ್ನೇ ಎದುರಿಗೆ ಕೂರಿಸಿಕೊಂಡಳು. ಕಂಪ್ಯೂಟರ್ ಗಂಧವಿಲ್ಲದವಳು ನಾನೊಬ್ಬಳೇ ಅವಳ ಕೈಗೆ ಸಿಕ್ಕಿದ್ದು. ಮೊದಲು ಕೊನೆಯೇ ಇಲ್ಲದ ಸಂಖ್ಯೆಗಳ ಒಂದು ಸಾಲು ತೋರಿಸಿದಳು. ಅನಂತ ಸಾಲಂತೆ, ಆದರೆ ನಾವು ಕೇಳಿದಷ್ಟನ್ನು ಮಾತ್ರ ಲೆಕ್ಕ ಹಾಕಿ ಕೊಡುತ್ತದಂತೆ. ನನಗೆ ಆಕಳಿಕೆ ಬಂತು, ಬಾಯಿಗೆ ಸೆರಗು ಅಡ್ಡ ಹಿಡಿದೆ. ಆಮೇಲೆ ಎರಡೇ ಗೆರೆ ಬರೆದು, ಚೆಲ್ಲಾಪಿಲ್ಲಿಯಾದ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಳು.

"ಸಾಲಾಗಿ ನಿಲ್ಲಿಸೋಕೆ ಪಿ.ಟಿ. ಮೇಷ್ಟ್ರು ಸಾಕಲ್ಲಮ್ಮ" ಅಂದೆ.

ಅವಳು ನಗಲಿಲ್ಲ. "ನೀವೇ ಹಿಂಗಂದ್ರೆ ಅವ್ರೇನಂತಾರೆ ಮೇಡಂ" ಎಂದು ಲ್ಯಾಪ್‌ಟಾಪ್ ಮುಚ್ಚಿದಳು. ಅವಳ ಕಣ್ಣು ಕೆಂಪಾಗಿದ್ದನ್ನು ನೋಡಿ ನನಗೆ ನನ್ನ ತಮಾಷೆಯ ಮೇಲೇ ಬೇಸರವಾಯಿತು.

ದಾರಿ ಸಿಕ್ಕಿದ್ದು ಬಸ್ಸಿನಲ್ಲಿ. ಸಂಜೆ ವಾಪಸ್ ಬರುವಾಗ ನಮ್ಮ ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು. ಒಬ್ಬರಿಗೊಬ್ಬರು ಗುರುತಿಲ್ಲ. "ಮೀ ಊರು ಏದಿ?" ಎಂದು ಒಬ್ಬಾಕೆ ತೆಲುಗಿನಲ್ಲಿ ಶುರು ಮಾಡಿದರು, ಇನ್ನೊಬ್ಬಾಕೆ ಕನ್ನಡದಲ್ಲಿ ಊರು ಹೇಳಿದರು. ಆ ಊರಿನಲ್ಲಿ ಯಾರ ಮನೆ, ತವರು ಎಲ್ಲಿ, ತಾಯಿಯ ಅಣ್ಣ ಯಾರು, ಅವರಿಗೆ ಎಲ್ಲಿಂದ ಹೆಣ್ಣು ತಂದದ್ದು. ನರಸಿಂಹತೀರ್ಥ ದಾಟುವ ಹೊತ್ತಿಗೆ "ಹಂಗಾದ್ರೆ ನೀವು ನಂಗೆ ವದಿನ ಆಗ್ಬೇಕು" ಎಂದು ಮೊದಲನೆಯಾಕೆ ಅತ್ತಿಗೆಯನ್ನು ಗೊತ್ತುಮಾಡಿಕೊಂಡರು, ಇಬ್ಬರೂ ಕಡ್ಲೆಕಾಯಿ ಹಂಚಿಕೊಂಡು ತಿನ್ನತೊಡಗಿದರು.

ಇದು ನಮ್ಮ ಕಡೆ ದಿನನಿತ್ಯದ ಮಾತು. ಯಾರಿಗೆ ಯಾರು ಏನಾಗಬೇಕು ಎಂಬುದಕ್ಕೆ ವರಸೆ ಅನ್ನುತ್ತೇವೆ. ಮದುವೆಗೆ ವರಸೆ ಕೂಡಬೇಕು. ಅಕ್ಕನ ಮಗಳು, ಅತ್ತೆಯ ಮಕ್ಕಳು, ಸೋದರಮಾವನ ಮಕ್ಕಳು ಆಗುತ್ತದೆ. ಅಣ್ಣತಂಗಿ ವರಸೆ, ತಾಯಿಮಗನ ವರಸೆ ಆಗುವುದಿಲ್ಲ. ಇನ್ನೊಂದು ಉಪಯೋಗವೂ ಇದೆ ಇದಕ್ಕೆ. ಹುಡುಗ ಇಷ್ಟವಿಲ್ಲ, ಅವನ ಮನೆ ಸಾಲದು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವರಸೆ ಕೂಡಲ್ಲ ಅನ್ನುತ್ತಾರೆ. ಆ ಮಾತಿಗೆ ಎದುರು ಮಾತಿಲ್ಲ, ಎರಡೂ ಕಡೆ ಮರ್ಯಾದೆ ಉಳಿಯುತ್ತದೆ, ಕಾಫಿ ಕುಡಿದು ಎದ್ದುಹೋಗುತ್ತಾರೆ.

ಗಂಗಾಲಕ್ಷ್ಮಿ ನನ್ನ ಮೊಣಕೈ ಹಿಡಿದಳು. "ಮೇಡಂ, ಕೇಳಿಸ್ಕೊಂಡ್ರಾ? ಸೋದರಮಾವ ಅಂದ್ರೆ ತಾಯಿಯ ಅಣ್ಣತಮ್ಮ. ಅತ್ತೆ ಅಂದ್ರೆ ತಂದೆಯ ಅಕ್ಕತಂಗಿ. ತಾಯಿ, ತಂದೆ, ಒಡಹುಟ್ಟಿದವ್ರು, ಇಷ್ಟು ಗೊತ್ತಿದ್ರೆ ಸಾಕು. ಒಂದರ ಹಿಂದೆ ಒಂದು ಪೋಣಿಸ್ಕೊಂಡು ಹೋದ್ರೆ ಲೋಕದಲ್ಲಿರೋ ಎಲ್ಲಾ ನೆಂಟ್ರೂ ಬರ್ತಾರೆ. ಸಣ್ಣಸಣ್ಣದನ್ನ ಪೋಣಿಸೋದೇ ಮೇಡಂ ಈ ಭಾಷೆ."

"ಕೋದಂಡರಾಮಪ್ಪನ ಮುಂದೆ ವರಸೆ ತೋರಿಸ್ತೀಯಾ?" ಅಂದೆ. ನನಗೆ ನಿಜಕ್ಕೂ ಗಾಬರಿಯಾಯಿತು. ಶ್ರೀನಿವಾಸಪುರದ ಕಡೆ ಮಾವಿನ ತೋಟವಿರುವ ಆ ಮನುಷ್ಯ ವರಸೆ ವಿಷಯದಲ್ಲಿ ಸುತ್ತಮುತ್ತ ದೊಡ್ಡ ಹೆಸರು. ಮದುವೆ ಮಾತುಕತೆಯಲ್ಲಿ ಅನುಮಾನ ಬಂದರೆ ಜನ ಅವರ ಮನೆಗೆ ಹೋಗುತ್ತಾರೆ. ಅವರು ಕೂಡುತ್ತೆ ಅಂದರೆ ಕೂಡಿತು, ಇಲ್ಲ ಅಂದರೆ ಇಲ್ಲ.

"ಅದಕ್ಕೇ ಮೇಡಂ. ಅವ್ರಿಗೆ ಅರ್ಥ ಆಗೋದು ಇದೊಂದೇ."

ಮೂರು ದಿನದಲ್ಲಿ ಬರೆದು ಮುಗಿಸಿದಳು. ನಮ್ಮ ಮನೆಯವರ ಹೆಸರನ್ನೆಲ್ಲ ನನ್ನಿಂದ ಹೇಳಿಸಿಕೊಂಡು ಪರೀಕ್ಷೆ ಮಾಡಿದಳು. ಯಾವ ಇಬ್ಬರ ಹೆಸರು ಕೊಟ್ಟರೂ ವರಸೆ ಹೇಳಿ, ಕೂಡುತ್ತದೋ ಇಲ್ಲವೋ ಎಂದೂ ಹೇಳುತ್ತಿತ್ತು. ಒಂದೂ ತಪ್ಪಲಿಲ್ಲ. ನನಗೆ ಆಕಳಿಕೆ ಬರಲಿಲ್ಲ, ಇನ್ನಷ್ಟು ಹೆಸರು ಹೇಳುವ ಆಸೆಯಾಯಿತು.

"ನಿಮ್ಮ ಮನೆಯವರದ್ದೂ ಹಾಕಿ ನೋಡೇ" ಅಂದೆ.

"ನಮ್ಮನೆ ವರಸೆ ನಂಗೆ ಗೊತ್ತಿರೋದೇ ಅಲ್ವಾ ಮೇಡಂ, ಅದನ್ನೇನು ನೋಡೋದು" ಅಂದಳು.

ಶುಕ್ರವಾರ ಕೊನೆಯ ಬಾರಿ ಹೇಳಿ ನೋಡಿದೆ. ಸಭೆಯಲ್ಲಿ ಕೂತವರ ಮನೆತನ ಕೇಳಬೇಡ, ಸುಮ್ಮನೆ ನಾಲ್ಕು ಹೆಸರು ಮೊದಲೇ ಹಾಕಿಟ್ಟುಕೋ ಎಂದು. "ಮೊದ್ಲೇ ಜೋಡಿಸಿಟ್ಟು ತೋರ್ಸಿದ್ರೆ ಅದು ಸಿನಿಮಾ ಮೇಡಂ. ಕೂತು ಮಾಡಿ ಅಂದಿದ್ದಾರೆ, ಕೂತು ಮಾಡ್ತೀನಿ." ಹಟಮಾರಿ. ನಾಲ್ಕು ಬಾರಿಸಬೇಕು ಅನ್ನಿಸಿತು.

ಶನಿವಾರ ಸೆಮಿನಾರ್ ಹಾಲಿನಲ್ಲಿ ಸಿಬ್ಬಂದಿಯೆಲ್ಲ ಸೇರಿದ್ದರು. ಮುಂದಿನ ಸಾಲಿನಲ್ಲಿ ಕಾರ್ಯದರ್ಶಿ, ಪಕ್ಕದಲ್ಲಿ ಪ್ರಿನ್ಸಿಪಾಲ್, ಅವರ ಕೈಯಲ್ಲೊಂದು ಮೇಜಿನ ಗಂಟೆ. ಗೋಡೆಯ ಹತ್ತಿರ ಆಫೀಸಿನ ಸೂಪರಿಂಟೆಂಡೆಂಟ್ ರಮ್ಯ ನಿಂತಿದ್ದಳು. ರಮ್ಯ ಕಾರ್ಯದರ್ಶಿಗಳ ಸ್ವಂತ ಅಕ್ಕನ ಕಿರಿಮಗಳು. ತಂದೆ ಬೇಗ ತೀರಿಕೊಂಡದ್ದರಿಂದ ಈ ಸೋದರಮಾವನ ನೆರಳಿನಲ್ಲಿ ಬೆಳೆದವಳು. ನಲವತ್ತರ ಹತ್ತಿರದ ವಯಸ್ಸು, ಮದುವೆಯಾಗಿಲ್ಲ. ಹಿಂದೊಮ್ಮೆ ಹೋಳೂರಿನ ಕಡೆಯ ಒಬ್ಬ ಹುಡುಗನ ಸಂಬಂಧ ಬಂದಿತ್ತು, ಇವಳಿಗೂ ಮನಸ್ಸಿತ್ತು, ವರಸೆ ಕೂಡಲಿಲ್ಲ ಎಂದು ಮಾವನೇ ಬೇಡ ಅಂದರು ಎಂಬಷ್ಟನ್ನು ನಾನು ಕೇಳಿದ್ದೆ. ಅದರಾಚೆ ಕಾಲೇಜಿನಲ್ಲಿ ಯಾರೂ ಕೇಳುತ್ತಿರಲಿಲ್ಲ.

ಅನಿಲ್‌ಕುಮಾರ್ ಮೊದಲು ಮಾಡಿದ. ಹುಡುಗರ ಹಾಜರಿ ಹಾಕುವ ಆ್ಯಪ್. ಬಣ್ಣ ಬಣ್ಣದ ಗುಂಡಿಗಳು, ಒತ್ತಿದರೆ ಅಪ್ಪನ ಫೋನಿಗೆ ಮೆಸೇಜ್ ಹೋಗುತ್ತದೆ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ಎರಡು ಬೆರಳಲ್ಲಿ ತಟ್ಟಿದೆ.

ಗಂಗಾಲಕ್ಷ್ಮಿ ಮೈಕ್ ಹಿಡಿಯಲಿಲ್ಲ. ಅತ್ತೆ, ಸೋದರಮಾವ, ಚಿಕ್ಕಮ್ಮ ಎಂದರೆ ಏನೆಂದು ಒಂದೊಂದೇ ಗೆರೆಯಲ್ಲಿ ಎಲ್ಲರ ಕಣ್ಣೆದುರೇ ಬರೆದಳು. ದೊಡ್ಡ ಪರದೆಯ ಮೇಲೆ ನಮ್ಮ ಮನೆಮಾತಿನ ಪದಗಳು ಮೂಡುತ್ತಿದ್ದಂತೆ ಕಾರ್ಯದರ್ಶಿ ಮುಂದಕ್ಕೆ ಬಾಗಿ ಕೂತರು. ಕೆಲಸ ಕೆಟ್ಟದ್ದು ಅಲ್ಲಿಂದಲೇ.

"ನಮ್ಮನೇದು ಹಾಕಿ ಮೇಡಂ" ಅಂದರು. "ನನ್ನ ಹೆಂಡ್ತಿ ಭಾರತಮ್ಮ ನಮ್ಮಕ್ಕನ ದೊಡ್ಡ ಮಗಳು. ಈ ರಮ್ಯ ನಮ್ಮಕ್ಕನ ಚಿಕ್ಕ ಮಗಳು. ನನ್ನ ಮಗ ಅಮರನಾಥ್. ಈಗ ಕೇಳಿ, ಅಮರನಾಥ್‌ಗೆ ರಮ್ಯ ಏನಾಗ್ಬೇಕು ಅಂತ."

ಇದಕ್ಕೆ ಉತ್ತರ ಕಾಲೇಜಿನ ಜವಾನನಿಗೂ ಗೊತ್ತು. ರಮ್ಯ ಅಮರನಾಥನ ತಾಯಿಯ ತಂಗಿ. ಅವನನ್ನು ಎತ್ತಿ ಆಡಿಸಿದ ಚಿಕ್ಕಮ್ಮ. ಗಂಗಾಲಕ್ಷ್ಮಿ ಹೆಸರುಗಳನ್ನು ತುಂಬಿ, ಪ್ರಶ್ನೆ ಹಾಕಿದಳು. ಪರದೆಯ ಮೇಲೆ ಉತ್ತರ ಬಂತು.

ಅತ್ತೆ ಮಗಳು. ವರಸೆ ಕೂಡುತ್ತದೆ.

ಚಿಕ್ಕಮ್ಮನನ್ನು ಮದುವೆಯಾಗಬಹುದು ಎಂದು, ಕಾರ್ಯದರ್ಶಿಗಳ ಮಗನಿಗೆ, ಅವರದೇ ಕಾಲೇಜಿನ ಪರದೆ ಹೇಳುತ್ತಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ರಮ್ಯ ತಲೆ ತಗ್ಗಿಸಿದಳು.

"ಏನ್ರೀ ಇದು" ಅಂದರು ಕಾರ್ಯದರ್ಶಿ, ಮೆಲ್ಲಗೆ. ಅವರು ಕೂಗಾಡಿದ್ದರೆ ವಾಸಿಯಿತ್ತು.

ಗಂಗಾಲಕ್ಷ್ಮಿ ಪರದೆಯನ್ನೇ ನೋಡುತ್ತ ನಿಂತಳು. ಓಡಿಹೋಗುತ್ತಾಳೆ ಅಂದುಕೊಂಡೆ. ಅವಳು ಈ ಕಡೆ ತಿರುಗಿ, "ತಪ್ಪು ನಂದು ಸಾರ್" ಅಂದಳು. "ನಿಮ್ಮಕ್ಕನ ಮಗಳನ್ನ ನೀವು ಮದ್ವೆ ಆಗಿರೋದ್ರಿಂದ ಅಮರನಾಥ್ ಅವ್ರಿಗೆ ರಮ್ಯ ಮೇಡಂ ಎರಡು ದಾರೀಲಿ ಸಂಬಂಧ. ತಂದೆ ಕಡೆಯಿಂದ ಹೋದ್ರೆ ಅತ್ತೆ ಮಗಳು, ತಾಯಿ ಕಡೆಯಿಂದ ಹೋದ್ರೆ ಚಿಕ್ಕಮ್ಮ. ನಾನು ಒಬ್ರಿಗೆ ಒಂದೇ ವರಸೆ ಅಂದ್ಕೊಂಡು ಬರೆದ್ಬಿಟ್ಟೆ. ನಮ್ಮಪ್ಪನೂ ಅಕ್ಕನ ಮಗಳನ್ನೇ ಮಾಡ್ಕೊಂಡಿರೋದು ಸಾರ್. ನಮ್ಮಜ್ಜಿ ನಂಗೆ ಅತ್ತೆನೂ ಆಗ್ಬೇಕು. ಹುಟ್ಟಿದಾಗ್ನಿಂದ ಅಜ್ಜಿ ಅಂತ ಒಂದೇ ಹೆಸರಲ್ಲಿ ಕರೆದು ಕರೆದು, ಇನ್ನೊಂದು ದಾರಿ ಇದೆ ಅಂತ್ಲೇ ಹೊಳೀಲಿಲ್ಲ."

ನನಗೂ ಹೊಳೆದಿರಲಿಲ್ಲ. ಅಲ್ಲಿ ಕೂತ ಅರ್ಧ ಜನರ ಮನೆಯಲ್ಲಿ ಇಂಥ ಮದುವೆಗಳಿವೆ, ಯಾರಿಗೂ ಹೊಳೆಯುತ್ತಿರಲಿಲ್ಲ. ಹತ್ತಿರದ ಹೆಸರು ಒಂದು ಸಿಕ್ಕ ಮೇಲೆ ದೂರದ ಹೆಸರನ್ನು ಯಾರು ಹುಡುಕುತ್ತಾರೆ.

"ಟೈಮ್ ಆಗ್ತಾ ಬಂತು" ಅಂದರು ಪ್ರಿನ್ಸಿಪಾಲ್.

"ಇಲ್ಲೇ ಸರಿ ಮಾಡ್ತೀನಿ ಸಾರ್." ಅವಳು ಕೂತಳು. ಸಿಕ್ಕ ಉತ್ತರಗಳಲ್ಲಿ ಮೊದಲನೆಯದನ್ನು ಮಾತ್ರ ಆರಿಸಿಕೊಡುವ ಒಂದೇ ಒಂದು ಪದವನ್ನು ಅಳಿಸಿದಳು. ತಕ್ಷಣ ಪರದೆಯ ತುಂಬ ಕೆಂಪು ಅಕ್ಷರಗಳು ಬಂದವು. ಒಂದು ಕಡೆ ಅಲ್ಲ, ಮೂರು ಕಡೆ.

"ಎರರ್ ಜಾಸ್ತಿ ಆಯ್ತಲ್ಲ" ಎಂದ ಅನಿಲ್‌ಕುಮಾರ್. ಅವನ ಮೂತಿಗೆ ತಿವಿಯಬೇಕು ಅನ್ನಿಸಿತು ನನಗೆ.

"ಬರ್ಲಿ ಸಾರ್. ನಾನು ಒಂದು ಕಡೆ ಮಾತು ಬದಲಾಯ್ಸಿದ್ರೆ, ಆ ಮಾತನ್ನ ನಂಬ್ಕೊಂಡು ಇನ್ನೆಲ್ಲೆಲ್ಲಿ ಏನೇನು ಬರೆದಿದ್ದೆ ಅಂತ ಅದೇ ತೋರಿಸ್ಕೊಡ್ತಿದೆ. ಅದಷ್ಟೂ ಸರಿ ಹೋಗೋವರೆಗೂ ಇದು ಬಾಯಿ ಬಿಡಲ್ಲ." ಮೊದಲನೆಯದನ್ನು ತಿದ್ದಿದಳು. ಎರಡನೆಯದನ್ನು ತಿದ್ದಿದಳು. ಒಂದು ಅಕ್ಷರ ತಪ್ಪಿ ಬಿತ್ತು, ಅಳಿಸಿ ಮತ್ತೆ ಹೊಡೆದಳು. ಮೂರನೆಯದು ವರಸೆ ಕೂಡುತ್ತದೋ ಇಲ್ಲವೋ ಎಂದು ಹೇಳುವ ಜಾಗ. ಅಲ್ಲಿ, ಸಿಕ್ಕ ಎಲ್ಲ ದಾರಿಯಲ್ಲೂ ಕೂಡಿದರೆ ಮಾತ್ರ ಕೂಡಿದಂತೆ ಎಂದು ಬರೆದಳು. ಪ್ರಿನ್ಸಿಪಾಲ್ ಗಂಟೆ ಹೊಡೆದೇಬಿಟ್ಟರು. ಕಾರ್ಯದರ್ಶಿ ಕೈಯೆತ್ತಿ "ಇರ್ಲಿ, ಮಾಡ್ಲಿ" ಅಂದರು. ಕೆಂಪು ಹೋಗಿತ್ತು. ಅವಳು ಅದೇ ಪ್ರಶ್ನೆಯನ್ನು ಮತ್ತೆ ಹಾಕಿದಳು.

ಅತ್ತೆ ಮಗಳು, ಚಿಕ್ಕಮ್ಮ. ವರಸೆ ಕೂಡುವುದಿಲ್ಲ.

ಕಾರ್ಯದರ್ಶಿ ಮೀಸೆಯ ಮೇಲೆ ಕೈಯಾಡಿಸಿ, "ಪರ್ವಾಗಿಲ್ಲ, ನಮ್ಮ ಲೆಕ್ಕಕ್ಕೆ ಬಂತು" ಅಂದರು. ಅವರ ಮುಖದಲ್ಲಿ ನಗು ಕಂಡಿತು. ಮುಗಿಯಿತು, ಪೇಪರ್ ಉಳಿಯಿತು, ಎಂದು ನಾನು ಚಪ್ಪಾಳೆಗೆ ಕೈಯೆತ್ತಿದ್ದೆ.

"ಮೇಡಂ, ಇನ್ನೊಂದು ಕೇಳ್ಬೋದಾ?"

ರಮ್ಯ. ಗೋಡೆ ಬಿಟ್ಟು ಮುಂದೆ ಬಂದಿದ್ದಳು. "ಹೋಳೂರು ಶ್ರೀಧರ್ ಅಂತ ಹಾಕಿ. ನಂಗೆ ಅವರು ಏನಾಗ್ಬೇಕು ಅಂತ."

"ರಮ್ಯ, ಕೂತ್ಕೋ" ಅಂದರು ಕಾರ್ಯದರ್ಶಿ.

ಅವಳು ಕೂರಲಿಲ್ಲ. ಹೆಸರುಗಳನ್ನು ಒಂದೊಂದಾಗಿ ಹೇಳಿದಳು, ತಡವರಿಸಲೇ ಇಲ್ಲ. ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದಳೋ. "ನಮ್ಮಪ್ಪನ ತಾಯಿ, ಶ್ರೀಧರ್ ಅವರ ತಾಯಿಯ ತಾಯಿ, ಇಬ್ರೂ ಒಡಹುಟ್ಟಿದ ಅಕ್ಕತಂಗೀರು. ಮಾವ, ನಂಗೆ ಗೊತ್ತಿರೋ ದಾರಿ ಇದೊಂದೇ. ಬೇರೆ ದಾರಿ ಇದ್ರೆ ಈಗ್ಲೇ ಹೇಳ್ಬಿಡಿ. ಮೇಡಂ ಅದನ್ನೂ ಹಾಕ್ತಾರೆ."

ಎಲ್ಲರೂ ಕಾರ್ಯದರ್ಶಿಗಳನ್ನು ನೋಡಿದರು. ಅವರು ಮುಂದಿದ್ದ ನೀರಿನ ಲೋಟವನ್ನು ಸ್ವಲ್ಪ ಆಚೆ ಸರಿಸಿದರು. "ಬೇರೆ ಇಲ್ಲ" ಅಂದರು.

ನನಗೆ ಲೆಕ್ಕ ಬರದಿದ್ದರೂ ವರಸೆ ಬರುತ್ತದೆ. ಅಕ್ಕತಂಗಿಯರ ಮಕ್ಕಳು ಒಡಹುಟ್ಟಿದವರ ಹಾಗೆ. ಹಾಗಾದರೆ ರಮ್ಯಳ ಅಪ್ಪನಿಗೆ ಶ್ರೀಧರನ ತಾಯಿ ತಂಗಿ. ಮುಂದಿನದು ನನ್ನ ಬಾಯಿಗೇ ಬಂತು, ನುಂಗಿಕೊಂಡೆ. ಗಂಗಾಲಕ್ಷ್ಮಿಗೂ ತಿಳಿದಿತ್ತು. ಅವಳ ಬೆರಳು ಎಂಟರ್ ಕೀಲಿಯ ಮೇಲೆ ನಿಂತಿತ್ತು. ಒತ್ತಿದರೆ ವರಸೆಗೆ ಹೆಸರಾದ ಮನುಷ್ಯ ತನ್ನ ಸಿಬ್ಬಂದಿಯ ಮುಂದೆ ಸುಳ್ಳುಗಾರನಾಗುತ್ತಾನೆ, ಅವಳ ಪೇಪರ್ ಇರುವುದು ಅದೇ ಮನುಷ್ಯನ ಕೈಯಲ್ಲಿ. ಗಂಟೆ ಆಗಲೇ ಹೊಡೆದಿದೆ, ಸಮಯ ಮುಗಿಯಿತು ಎಂದು ಎದ್ದರೆ ಯಾರೂ ತಪ್ಪು ಅನ್ನುವುದಿಲ್ಲ. ಒತ್ತಬೇಡ ಕಣೇ, ಎದ್ದುಬಿಡು, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಒಮ್ಮೆ ರಮ್ಯಳ ಮುಖ ನೋಡಿ ಒತ್ತಿದಳು.

ಅತ್ತೆ ಮಗ. ವರಸೆ ಕೂಡುತ್ತದೆ.

ನನಗೆ ಕೋದಂಡರಾಮಪ್ಪನ ಮೇಲೆ ಎಂಥ ಕೋಪ ಬಂತೆಂದರೆ, ಅವರು ಎನ್ನುವುದನ್ನೂ ಮರೆತು ಏಕವಚನದಲ್ಲಿ ಬೈದುಕೊಂಡೆ. ಗಂಗಾಲಕ್ಷ್ಮಿ ಪ್ರೊಜೆಕ್ಟರ್ ಆರಿಸಲು ಕೈ ಚಾಚಿದಳು.

"ಒಂದು ನಿಮಿಷ ಇರ್ಲಿ ಮೇಡಂ" ಅಂದಳು ರಮ್ಯ.

ಗಂಗಾಲಕ್ಷ್ಮಿ ಹಾಗೇ ಬಿಟ್ಟಳು. ರಮ್ಯ ಪರದೆಯನ್ನು ನೋಡುತ್ತ ನಿಂತಳು. ಅವಳು ಅಳುತ್ತಿರಲಿಲ್ಲ. ಕಾರ್ಯದರ್ಶಿಯೂ ಅದನ್ನೇ ನೋಡುತ್ತಿದ್ದರು. ಆಮೇಲೆ, ಹಾಲಿನಲ್ಲಿ ಬೇರೆ ಯಾರೂ ಇಲ್ಲವೆಂಬಂತೆ, "ಹುಡುಗನ ಮನೇಲಿ ಹೊಲ ಇರ್ಲಿಲ್ಲಮ್ಮ" ಅಂದರು.

"ಹಂಗಂತ ಹೇಳಿದ್ರೆ ಜಗಳ ಆಡ್ತಿದ್ದೆ ಮಾವ" ಅಂದಳು ರಮ್ಯ. "ವರಸೆ ಅಂದ್ರಿ. ಸುಮ್ಮನಾದೆ."

ಕಾರ್ಯದರ್ಶಿ ಎದ್ದು, ಕುರ್ಚಿಯ ತೋಳು ಹಿಡಿದುಕೊಂಡೇ ಚಪ್ಪಲಿ ಮೆಟ್ಟಿದರು. ಬಾಗಿಲ ಹತ್ತಿರ ಹೋಗಿ, ಯಾರ ಕಡೆಯೂ ತಿರುಗದೆ ಪ್ರಿನ್ಸಿಪಾಲರಿಗೆ, "ಗಂಗಾಲಕ್ಷ್ಮಿ ಮೇಡಂ ಪೇಪರ್ ಇಟ್ಕೊಳ್ಳಿ" ಅಂದು ಹೊರಗೆ ನಡೆದರು.

ನಾನು ಚಪ್ಪಾಳೆ ತಟ್ಟಲಿಲ್ಲ, ಯಾರೂ ತಟ್ಟಲಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ಎದ್ದು ಹೋದರು. ಕೆಲಸ ಉಳಿದ ಗಂಗಾಲಕ್ಷ್ಮಿ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಲ್ಯಾಪ್‌ಟಾಪ್ ಮುಂದೆ ಕೂತೇ ಇದ್ದಳು. ರಮ್ಯ ನೋಡಿ ಮುಗಿಸಿ, ಸೆರಗು ಸರಿಮಾಡಿಕೊಂಡು ಆಫೀಸಿನ ಕಡೆ ಹೋದ ಮೇಲೆಯೇ ಅವಳು ಪ್ರೊಜೆಕ್ಟರ್ ಆರಿಸಿದ್ದು.